‘ವಿಕ್ಟರಿ ಸಿಟಿ’ ಫ್ಯಾಂಟಸಿಯೋ, ಮಾಂತ್ರಿಕ ವಾಸ್ತವವೋ?

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ಸಲ್ಮಾನ್ ರಶ್ದಿ ಅವರ ‘ವಿಕ್ಟರಿ ಸಿಟಿ’ ಓದಿದೆವು. ಬೀಜ ಎರಚಿದರೆ ಊರೇ ಮೊಳೆಯುತ್ತದೆ, ಒಬ್ಬ ಹೆಂಗಸು 247 ವರ್ಷ ಬದುಕುತ್ತಾಳೆ. ಅರ್ಧ ಜನ ‘ಇದು ಅಪ್ಪಟ ಫ್ಯಾಂಟಸಿ’ ಅಂದರು. ಉಳಿದವರು ‘ಅಲ್ಲ, ಮಾಂತ್ರಿಕ ವಾಸ್ತವ’ ಅಂದರು. ಎರಡಕ್ಕೂ ನಿಜವಾಗಿ ಏನು ವ್ಯತ್ಯಾಸ? ಈ ಕಾದಂಬರಿ ಯಾವ ಕಡೆ ಸೇರುತ್ತದೆ? ಹಾಗೆ ನೋಡಿದರೆ ನಮ್ಮ ಪುರಾಣ, ಅಜ್ಜಿ ಕಥೆಗಳೆಲ್ಲ ಮಾಂತ್ರಿಕ ವಾಸ್ತವವೇ ಅಲ್ವಾ?

ಉತ್ತರ:

ಕೆಲವು ವರ್ಷಗಳ ಹಿಂದೆ ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದು ಹಂಪಿಗೆ ಆಟೋ ಹಿಡಿದಿದ್ದೆ. ಬಂಡೆಗುಡ್ಡಗಳು ಕಾಣತೊಡಗಿದವು. ಡ್ರೈವರು ಹೊಳೆಯ ಕಡೆ ಕೈ ತೋರಿಸಿದರು. ‘ಅಲ್ಲೇ ನೋಡ್ರಿ ಸರ್, ಮೊಲ ನಾಯಿನ ಅಟ್ಟಿಸ್ಕೊಂಡು ಹೋಗಿದ್ದು.’ ಆಮೇಲೆ ಅದೇ ದನಿಯಲ್ಲಿ, ‘ವೇಟಿಂಗ್ ಚಾರ್ಜ್ ಬ್ಯಾರೆ ಆಗ್ತೈತ್ರಿ, ಮೊದ್ಲೇ ಹೇಳೀನಿ’ ಅಂದರು.

ಕಥೆ ನಿಮಗೆ ಗೊತ್ತೇ ಇರುತ್ತದೆ. ಹಕ್ಕ-ಬುಕ್ಕರು ಬೇಟೆಗೆ ಹೋಗಿದ್ದರು. ನಾಯಿಗಳು ಒಂದು ಮೊಲವನ್ನು ಓಡಿಸಿಕೊಂಡು ಹೋದವು. ಒಂದು ಜಾಗಕ್ಕೆ ಬಂದ ಕೂಡಲೇ ಮೊಲ ತಿರುಗಿ ನಿಂತು ನಾಯಿಗಳನ್ನೇ ಓಡಿಸಿತು. ವಿದ್ಯಾರಣ್ಯರು ‘ಇದು ಗಂಡುಮೆಟ್ಟಿದ ನೆಲ, ಇಲ್ಲೇ ರಾಜಧಾನಿ ಕಟ್ಟಿ’ ಅಂದರು. ನನಗೆ ಕುತೂಹಲ ಹುಟ್ಟಿಸಿದ್ದು ಈ ಕಥೆಯಲ್ಲ, ಡ್ರೈವರ ದನಿ. ಮೊಲದ ಮಾತು ಹೇಳುವಾಗ ಅವರು ದನಿ ತಗ್ಗಿಸಲಿಲ್ಲ. ‘ಅಂತಾರೆ’, ‘ಅಂತೆ’ ಅನ್ನಲಿಲ್ಲ. ಮೊಲಕ್ಕೂ ವೇಟಿಂಗ್ ಚಾರ್ಜಿಗೂ ಒಂದೇ ತೂಕ ಕೊಟ್ಟರು.

ಕೊಲಂಬಿಯಾದ ಕಾದಂಬರಿಕಾರ ಗಾಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ತಮ್ಮ ಅಜ್ಜಿಯ ಬಗ್ಗೆ ಹೇಳುತ್ತಿದ್ದದ್ದೂ ಇದನ್ನೇ. ನಂಬಲಾಗದ ಸಂಗತಿಗಳನ್ನು ಅಜ್ಜಿ ಮುಖದ ಒಂದು ಗೆರೆಯೂ ಅಲುಗದ ಹಾಗೆ ಹೇಳುತ್ತಿದ್ದರಂತೆ. ಆ ದನಿ ಕೈಗೆ ಹತ್ತಿದ ಮೇಲೆಯೇ ಅವರಿಗೆ ‘ನೂರು ವರ್ಷದ ಏಕಾಂತ’ ಬರೆಯಲು ಆದದ್ದು. ಅದು ಬಂದದ್ದು 1967ರಲ್ಲಿ. ಆಮೇಲಿಂದ ಮಾಂತ್ರಿಕ ವಾಸ್ತವ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಆ ಕಾದಂಬರಿಯೇ.

ಈಗ ನಿಮ್ಮ ಮೊದಲ ಪ್ರಶ್ನೆ. ಸಾಮಾನ್ಯವಾಗಿ ಜನ ‘ಮಾಟ-ಮಂತ್ರ ಜಾಸ್ತಿ ಇದ್ದರೆ ಫ್ಯಾಂಟಸಿ, ಸ್ವಲ್ಪ ಇದ್ದರೆ ಮಾಂತ್ರಿಕ ವಾಸ್ತವ’ ಅಂದುಕೊಳ್ಳುತ್ತಾರೆ. ಉಪ್ಪು ಖಾರದ ಹಾಗೆ ಅಳೆಯುವ ವಿಷಯ ಅಲ್ಲ ಇದು. ಪಾಠ ಮಾಡುವಾಗ ನಾನು ಬೇರೊಂದು ಪರೀಕ್ಷೆ ಇಟ್ಟುಕೊಂಡಿದ್ದೆ. ಪವಾಡ ನಡೆದಾಗ ಪಕ್ಕದ ಮನೆಯವರು ಏನು ಮಾಡುತ್ತಾರೆ?

‘ಹ್ಯಾರಿ ಪಾಟರ್’ ತಗೊಳ್ಳಿ. ಅದು ನಡೆಯುವುದು ನಿಜವಾದ ಇಂಗ್ಲೆಂಡಿನಲ್ಲಿ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ ನಿಜವಾದ ಸ್ಟೇಷನ್. ಆದರೂ ಅದು ಫ್ಯಾಂಟಸಿ. ಯಾಕೆಂದರೆ ಪಕ್ಕದ ಮನೆಯವರಿಗೆ ಏನೂ ಗೊತ್ತಾಗಬಾರದು. ಮಾಂತ್ರಿಕರದ್ದೇ ಒಂದು ಸರ್ಕಾರ ಇದೆ, ಎಲ್ಲವನ್ನೂ ಮುಚ್ಚಿಡುವುದೇ ಅದರ ದೊಡ್ಡ ಕೆಲಸ. ಅಂದರೆ ಆ ಲೋಕಕ್ಕೂ ನಮ್ಮ ಲೋಕಕ್ಕೂ ನಡುವೆ ಗೋಡೆ ಇದೆ. ಗೋಡೆ ದಾಟಲು ಗುಟ್ಟಿನ ಬಾಗಿಲು ಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಕಥೆಗಳಲ್ಲಿ ಗೋಡೆಯೂ ಇಲ್ಲ, ಯಾಕೆಂದರೆ ನಮ್ಮ ಲೋಕವೇ ಅಲ್ಲಿಲ್ಲ. ಅವರು 1939ರ ಒಂದು ಉಪನ್ಯಾಸದಲ್ಲಿ ಇದನ್ನು ‘ಎರಡನೆಯ ಲೋಕ’ ಅಂತ ಕರೆದರು. ಬರೆಯುವವನು ಹೊಸ ಲೋಕ ಕಟ್ಟುತ್ತಾನೆ, ಅದರ ನಿಯಮಗಳು ಒಂದಕ್ಕೊಂದು ಹೊಂದಬೇಕು, ಓದುವವನು ಒಳಗೆ ಇರುವಷ್ಟು ಹೊತ್ತು ಅದನ್ನು ನಂಬಬೇಕು. ನಕ್ಷೆ, ವಂಶಾವಳಿ, ಭಾಷೆ, ಯಾವ ಮಂತ್ರಕ್ಕೆ ಎಷ್ಟು ಶಕ್ತಿ ಅನ್ನುವ ಲೆಕ್ಕ, ಇವೆಲ್ಲ ಬೇಕಾಗುವುದು ಅದಕ್ಕೇ.

ಮಾರ್ಕ್ವೆಜರ ಕಾದಂಬರಿಯಲ್ಲಿ ರೆಮಿಡಿಯೋಸ್ ಎಂಬ ಚೆಲುವೆ ಒಂದು ಮಧ್ಯಾಹ್ನ ಬೆಡ್‌ಶೀಟು ಮಡಿಸುತ್ತಾ ಇದ್ದವಳು ಹಾಗೇ ಆಕಾಶಕ್ಕೆ ಏರಿಬಿಡುತ್ತಾಳೆ. ಶೀಟುಗಳೂ ಅವಳ ಜೊತೆ ಹೋಗುತ್ತವೆ. ಅವಳ ತಮ್ಮನ ಹೆಂಡತಿ ಫರ್ನಾಂಡ ಏನು ಮಾಡುತ್ತಾಳೆ? ಹೊಟ್ಟೆಕಿಚ್ಚು ಪಡುತ್ತಾಳೆ. ಆಮೇಲೆ ಬಹಳ ದಿನ ‘ದೇವರೇ, ನನ್ನ ಶೀಟು ವಾಪಸ್ ಕಳಿಸು’ ಅಂತ ಬೇಡಿಕೊಳ್ಳುತ್ತಾಳೆ! ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಪವಾಡ ನಮ್ಮ ಬೀದಿಗೇ ಬಂತು. ಬಂದದ್ದಕ್ಕೆ ಬೀದಿಯವರು ಬೀದಿಯವರ ಹಾಗೇ ನಡೆದುಕೊಂಡರು.

ಇದೇ ಪರೀಕ್ಷೆಯನ್ನು ಈಚಿನ ಇನ್ನೊಂದು ಪುಸ್ತಕಕ್ಕೆ ಹಚ್ಚಿ ನೋಡಿ. 2017ರಲ್ಲಿ ಬಂದ ಮೊಹ್ಸಿನ್ ಹಮೀದ್ ಅವರ ‘ಎಕ್ಸಿಟ್ ವೆಸ್ಟ್’ನಲ್ಲಿ ಮಾಮೂಲಿ ಬಾಗಿಲುಗಳು ಇದ್ದಕ್ಕಿದ್ದ ಹಾಗೆ ಬೇರೆ ದೇಶಕ್ಕೆ ತೆರೆದುಕೊಳ್ಳುತ್ತವೆ. ಬಾಗಿಲಿದೆಯಲ್ಲ, ಫ್ಯಾಂಟಸಿ ಇರಬೇಕು ಅನ್ನಿಸಬಹುದು. ಆದರೆ ಆ ಬಾಗಿಲು ಎರಡನೆಯ ಲೋಕಕ್ಕೆ ಹೋಗುವುದಿಲ್ಲ. ಗ್ರೀಸಿಗೆ ಹೋಗುತ್ತದೆ, ಲಂಡನ್ನಿಗೆ ಹೋಗುತ್ತದೆ. ಅಲ್ಲಿ ನಿರಾಶ್ರಿತರ ಡೇರೆ ಇದೆ, ಪೊಲೀಸರಿದ್ದಾರೆ, ಸಿಟ್ಟಾದ ಸ್ಥಳೀಯರಿದ್ದಾರೆ. ಪಕ್ಕದ ಮನೆಯವರು ಬಾಗಿಲಿನ ಹಿಂದಿನ ಗುಟ್ಟು ಕೇಳುವುದಿಲ್ಲ. ‘ಇವರೆಲ್ಲ ಇಲ್ಲಿಗ್ಯಾಕೆ ಬಂದರು’ ಅಂತ ಕೇಳುತ್ತಾರೆ. ಇದು ಮಾಂತ್ರಿಕ ವಾಸ್ತವ.

ಆ ಹೆಸರಿನ ಹುಟ್ಟಿನ ಬಗ್ಗೆ ಎರಡೇ ಮಾತು. 1925ರಲ್ಲಿ ಫ್ರಾಂಜ್ ರೋ ಎಂಬ ಜರ್ಮನ್ ಕಲಾ ವಿಮರ್ಶಕ ಅದನ್ನು ಇಟ್ಟದ್ದು ಆಗಿನ ಹೊಸ ಚಿತ್ರಕಲೆಗೆ. ಸಾಹಿತ್ಯದಲ್ಲಿ ಅದಕ್ಕೆ ಜೀವ ಬಂದದ್ದು ಲ್ಯಾಟಿನ್ ಅಮೆರಿಕಕ್ಕೆ ಹೋದ ಮೇಲೆ. ಕ್ಯೂಬಾದ ಅಲೆಹೊ ಕಾರ್ಪೆಂತಿಯೆರ್ 1949ರಲ್ಲಿ ಹೈಟಿಯ ಗುಲಾಮರ ದಂಗೆಯ ಬಗ್ಗೆ ಒಂದು ಕಾದಂಬರಿ ತಂದರು. ಅದರ ಮುನ್ನುಡಿಯ ಸಾರ ಇಷ್ಟು: ನಮ್ಮ ನೆಲದಲ್ಲಿ ಅದ್ಭುತವನ್ನು ಕೂತು ಕಲ್ಪಿಸಿಕೊಳ್ಳಬೇಕಿಲ್ಲ, ಅದು ಬದುಕಿನಲ್ಲೇ ಇದೆ, ಆದರೆ ಕಾಣಬೇಕಾದರೆ ನಂಬಿಕೆ ಬೇಕು. ಅದರಲ್ಲಿ ಒಂದು ದೃಶ್ಯ ಇದೆ, ನಾನು ಮರೆಯಲಾರೆ. ಮಕಾಂದಾಲ್ ಎಂಬ ಬಂಡುಕೋರ ಗುಲಾಮನನ್ನು ಕಂಬಕ್ಕೆ ಕಟ್ಟಿ ಸುಡುತ್ತಾರೆ. ಸುತ್ತ ನಿಂತ ಗುಲಾಮರು ಅವನು ಕಟ್ಟು ಬಿಚ್ಚಿಕೊಂಡು ತಲೆಯ ಮೇಲಿಂದ ಹಾರಿಹೋದದ್ದನ್ನು ನೋಡುತ್ತಾರೆ, ನಗುತ್ತಾ ಮನೆಗೆ ಹೋಗುತ್ತಾರೆ. ದಣಿಗಳು ‘ತಮ್ಮವನೇ ಬೆಂದರೂ ಇವರಿಗೆ ಏನೂ ಅನ್ನಿಸಲಿಲ್ಲವಲ್ಲ’ ಅಂತ ಮಾತಾಡಿಕೊಳ್ಳುತ್ತಾರೆ. ಒಂದೇ ಮೈದಾನ, ಒಂದೇ ಬೆಂಕಿ. ಎರಡು ಬಗೆಯ ಪಕ್ಕದ ಮನೆಯವರು.

ಈ ದೃಶ್ಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ‘ವಿಕ್ಟರಿ ಸಿಟಿ’ಗೆ ಇದು ಬೇಕಾಗುತ್ತದೆ.

ಓದದವರಿಗಾಗಿ ಕಥೆಯ ಎಲುಬು ಹೇಳಿಬಿಡುತ್ತೇನೆ. ಪಂಪಾ ಕಂಪನ ಒಂಬತ್ತು ವರ್ಷದ ಹುಡುಗಿ. ಯುದ್ಧದಲ್ಲಿ ಸೋತ ಊರಿನ ಹೆಂಗಸರೆಲ್ಲ ಬೆಂಕಿಗೆ ನಡೆದುಹೋಗುತ್ತಾರೆ, ಅವಳ ತಾಯಿಯೂ ಹೋಗುತ್ತಾಳೆ. ಆಗ ಹುಡುಗಿಯ ಬಾಯಲ್ಲಿ ದೇವಿ ಮಾತಾಡುತ್ತಾಳೆ. ನೀನು ಬಹಳ ಕಾಲ ಬದುಕುತ್ತೀಯ, ಒಂದು ಸಾಮ್ರಾಜ್ಯ ಏಳುವುದನ್ನೂ ಬೀಳುವುದನ್ನೂ ನೋಡುತ್ತೀಯ ಎನ್ನುತ್ತಾಳೆ. ಹುಡುಗಿ ವಿದ್ಯಾಸಾಗರ ಎಂಬ ಸನ್ಯಾಸಿಯ ಗುಹೆಯಲ್ಲಿ ಬೆಳೆಯುತ್ತಾಳೆ. ಅಲ್ಲಿ ಅವಳಿಗೆ ಆದ ಅನ್ಯಾಯವನ್ನು ಕಾದಂಬರಿ ಹೆಚ್ಚು ಬಿಡಿಸಿ ಹೇಳುವುದಿಲ್ಲ, ಆದರೆ ಮರೆಯುವುದೂ ಇಲ್ಲ. ಹದಿನೆಂಟಕ್ಕೆ ಬಂದಾಗ ಹುಕ್ಕ, ಬುಕ್ಕ ಎಂಬ ದನಗಾಹಿ ಅಣ್ಣತಮ್ಮಂದಿರು ಬರುತ್ತಾರೆ. ಪಂಪಾ ಅವರಿಗೆ ತರಕಾರಿ ಬೀಜದ ಚೀಲ ಕೊಟ್ಟು ‘ಹೋಗಿ ಎರಚಿ’ ಎನ್ನುತ್ತಾಳೆ. ಅರಮನೆ, ಗುಡಿ, ಬೀದಿ, ಜನ ಎಲ್ಲ ಮೊಳೆಯುತ್ತವೆ. ಆದರೆ ಆ ಜನಕ್ಕೆ ನೆನಪಿಲ್ಲ, ತಾವು ಯಾರೆಂದು ಗೊತ್ತಿಲ್ಲ. ಆಗ ಪಂಪಾ ಒಬ್ಬೊಬ್ಬರ ಕಿವಿಯಲ್ಲೂ ಅವರವರ ಕಥೆ ಪಿಸುಗುಟ್ಟುತ್ತಾಳೆ. ನಿನ್ನ ಅಪ್ಪ ಹೀಗಿದ್ದ, ನಿನ್ನ ಕುಲ ಇದು, ನಿನ್ನ ಕಸುಬು ಇದು ಅಂತ.

ಈ ಪಿಸುಮಾತು ನನಗೆ ಇಡೀ ಪುಸ್ತಕದಲ್ಲಿ ಬಹಳ ಇಷ್ಟವಾದ ಸಂಗತಿ. ಮಾರ್ಕ್ವೆಜರ ಕಾದಂಬರಿಯ ಊರಿನಲ್ಲಿ ನಿದ್ದೆಗೇಡಿ ರೋಗ ಬಂದು ಜನ ನೆನಪು ಕಳೆದುಕೊಳ್ಳುತ್ತಾರೆ. ‘ಇದು ಹಸು, ದಿನಾ ಹಾಲು ಕರೆಯಬೇಕು’ ಎನ್ನುವಂಥ ಚೀಟಿ ಅಂಟಿಸಬೇಕಾಗುತ್ತದೆ. ರಶ್ದಿ ಅದನ್ನೇ ತಿರುಗಿಸಿ ಹಾಕಿದ್ದಾರೆ. ಇಲ್ಲಿ ಕಳೆದುಕೊಳ್ಳಲು ನೆನಪೇ ಇರಲಿಲ್ಲ, ಕಟ್ಟುಕಥೆಯೇ ನೆನಪಾಯಿತು. ಆಮೇಲೆ ಆ ಜನ ತಮ್ಮ ಕುಲ, ಗೋತ್ರ, ಹಿರಿಮೆ ಅಂತ ಜಗಳಕ್ಕೂ ನಿಲ್ಲುತ್ತಾರೆ. ಇದಕ್ಕಿಂತ ವಾಸ್ತವ ಇನ್ನೇನು ಬೇಕು? ಪವಾಡ ಇಲ್ಲಿ ಸುಮ್ನೆ ಚಂದಕ್ಕೆ ಇಟ್ಟದ್ದಲ್ಲ. ನಮ್ಮ ಚರಿತ್ರೆಯಲ್ಲಿ ಯಾರೋ ಕಿವಿಯಲ್ಲಿ ಊದಿದ್ದು ಎಷ್ಟು ಅನ್ನುವ ಪ್ರಶ್ನೆಯನ್ನು ಅದು ಎಬ್ಬಿಸುತ್ತದೆ.

ಇನ್ನು 247 ವರ್ಷ. ಇದನ್ನು ಕೇಳಿದರೆ ಟೋಲ್ಕಿನ್ ಕಥೆಗಳಲ್ಲಿ ಬರುವ ದೀರ್ಘಾಯುಷಿ ಎಲ್ವ್‌ಗಳ ಆಯಸ್ಸು ನೆನಪಾಗುತ್ತದೆ, ಫ್ಯಾಂಟಸಿ ಅನ್ನಿಸುತ್ತದೆ. ಒಂದು ಕಾಗದ ತಗೊಂಡು ಲೆಕ್ಕ ಹಾಕಿ. ವಿಜಯನಗರ ಸ್ಥಾಪನೆಯಾದದ್ದು 1336 ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಆಗ ಪಂಪಾಳಿಗೆ 18. ಅಂದರೆ ಹುಟ್ಟಿದ್ದು 1318. ಅದಕ್ಕೆ ಒಂಬತ್ತು ಸೇರಿಸಿದರೆ 1327, ಕಂಪಿಲಿ ರಾಜ್ಯ ದೆಹಲಿ ಸೇನೆಗೆ ಬಿದ್ದ ವರ್ಷ. 247 ಸೇರಿಸಿದರೆ 1565, ತಾಳಿಕೋಟೆ ಯುದ್ಧ, ನಾವು ರಕ್ಕಸತಂಗಡಿ ಎನ್ನುವುದು. ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನು ಪೆನ್ನು ಕೆಳಗಿಟ್ಟು ನಕ್ಕೆ. ಆಯಸ್ಸು ಆಕಾಶದಿಂದ ಬಿದ್ದದ್ದಲ್ಲ, ಚರಿತ್ರೆಯ ಪುಸ್ತಕದಿಂದ ಕೂಡಿ ಕಳೆದು ತೆಗೆದದ್ದು. ಫ್ಯಾಂಟಸಿ ತನ್ನ ಕ್ಯಾಲೆಂಡರನ್ನು ತಾನೇ ಬರೆದುಕೊಳ್ಳುತ್ತದೆ. ಈ ಪವಾಡ ನಮ್ಮ ಕ್ಯಾಲೆಂಡರಿಗೆ ಕಟ್ಟಿಹಾಕಿಕೊಂಡಿದೆ. ‘ಮಿಡ್‌ನೈಟ್ಸ್ ಚಿಲ್ಡ್ರನ್’ನಲ್ಲೂ ರಶ್ದಿ ಇದನ್ನೇ ಮಾಡಿದ್ದರು. 1947ರ ಆಗಸ್ಟ್ 15ರ ಮಧ್ಯರಾತ್ರಿಯ ಗಂಟೆಯಲ್ಲಿ ಹುಟ್ಟಿದ 1001 ಮಕ್ಕಳಿಗೆ ವಿಚಿತ್ರ ಶಕ್ತಿಗಳು ಬರುತ್ತವೆ. ಬದುಕುಳಿದವರ ಆ ಶಕ್ತಿ ಹೋಗುವುದು ತುರ್ತುಪರಿಸ್ಥಿತಿಯ ಕಾಲದ ಸಂತಾನಹರಣದಲ್ಲಿ.

ನಿಮ್ಮ ಬಳಗ ಎರಡು ಭಾಗವಾದದ್ದಕ್ಕೆ ನಿಜವಾದ ಕಾರಣ ಏನಿರಬಹುದು? ನನ್ನ ಊಹೆ, ಪುಸ್ತಕಕ್ಕಿಂತ ಓದುವವರ ನೆಲ. ನ್ಯೂಯಾರ್ಕಿನಲ್ಲಿ ಕೂತು ಓದುವವರಿಗೆ ಬೀಜದಿಂದ ಮೊಳೆತ ಬಿಸ್ನಾಗ ಅನ್ನುವ ಊರು ಟೋಲ್ಕಿನ್ ಅವರ ಯಾವುದೋ ಕೋಟೆಯಷ್ಟೇ ದೂರ. ಹುಕ್ಕ, ಬುಕ್ಕ, ದೇವರಾಯ ಎಲ್ಲ ಕಲ್ಪನೆಯ ರಾಜರು. ಅವರಿಗೆ ಇದು ಎರಡನೆಯ ಲೋಕ. ನಮಗೆ ಹಾಗಲ್ಲ. ಬಿಸ್ನಾಗ ಅಂದರೆ ಪೋರ್ಚುಗೀಸರು ನಿಜಕ್ಕೂ ವಿಜಯನಗರಕ್ಕೆ ಬಳಸುತ್ತಿದ್ದ ಹೆಸರು. ಕಾದಂಬರಿಯಲ್ಲಿ ಅದು ನಾಲಿಗೆ ತಿರುಗದ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯಿಂದ ಹುಟ್ಟುತ್ತದೆ. ಪಂಪಾ ಅಂದರೆ ತುಂಗಭದ್ರೆಯ ಹಳೆಯ ಹೆಸರು, ಹಂಪೆಯ ಮೂಲ. ‘ಹಾಳು ಹಂಪೆ’ ಅನ್ನುವುದು ನಮ್ಮ ಮನೆಮಾತು, ಕಸ ಗುಡಿಸದ ಮನೆಗೂ ಅಂದುಬಿಡುತ್ತೇವೆ. ವಿರೂಪಾಕ್ಷನ ಗುಡಿಯಲ್ಲಿ ಇವತ್ತೂ ಮಂಗಳಾರತಿ ಆಗುತ್ತದೆ. ನಮ್ಮ ಕಾಲಡಿ ಇರುವ ನೆಲ ಅದು. ಹಾಗಾಗಿ ನಮಗೆ ಬೀಜದಿಂದ ಊರು ಮೊಳೆತಾಗ ಹೊಸ ಲೋಕ ಹುಟ್ಟುವುದಿಲ್ಲ. ಗೊತ್ತಿದ್ದ ಊರಿಗೆ ಒಂದು ಪವಾಡ ಬಂದು ಸೇರಿಕೊಳ್ಳುತ್ತದೆ.

ಇದಕ್ಕೆ ಒಂದು ತಮಾಷೆಯ ಸಾಕ್ಷಿ ನನ್ನ ಓದಿನಿಂದಲೇ ಕೊಡುತ್ತೇನೆ. ಆ ಕುದುರೆ ವ್ಯಾಪಾರಿಯ ಹೆಸರು ಡೊಮಿಂಗೊ ನ್ಯೂನಿಜ್. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದು ಬರೆದಿಟ್ಟ ಡೊಮಿಂಗೊ ಪಾಯೆಸ್, ಫರ್ನಾವೊ ನ್ಯೂನಿಜ್ ಇಬ್ಬರನ್ನೂ ಸೇರಿಸಿ ಹೊಲಿದ ಹೆಸರು. ಆದರೆ ಕಾದಂಬರಿಯಲ್ಲಿ ಇವನು ಊರು ಹುಟ್ಟಿದ ಹೊಸದರಲ್ಲೇ ಬಂದುಬಿಡುತ್ತಾನೆ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಇವನು ಅದಕ್ಕೂ ನೂರೈವತ್ತು ವರ್ಷ ಮೊದಲು ಹಾಜರು! ಬೆಂಡೆಬೀಜದಿಂದ ಅರಮನೆ ಎದ್ದದ್ದನ್ನು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿದ್ದ ನಾನು, ಇಲ್ಲಿ ಬಂದಾಗ ‘ಏಯ್, ಇದು ಸುಳ್ಳು’ ಅಂದೆ. ಫ್ಯಾಂಟಸಿ ಓದುವಾಗ ಯಾರೂ ಹೀಗೆ ತಕರಾರು ತೆಗೆಯುವುದಿಲ್ಲ. ಮಾಂತ್ರಿಕ ವಾಸ್ತವದಲ್ಲಿ ಪವಾಡಕ್ಕೆ ವಿನಾಯಿತಿ ಉಂಟು, ಕುದುರೆ ವ್ಯಾಪಾರಕ್ಕೆ ಇಲ್ಲ.

ಮೈಮೇಲೆ ದೇವರು ಬರುವ ಮಾತನ್ನೂ ಇಲ್ಲೇ ಹೇಳಬೇಕು. ಒಂಬತ್ತು ವರ್ಷದ ಹುಡುಗಿಯ ಬಾಯಲ್ಲಿ ದೇವಿ ಮಾತಾಡಿದ್ದನ್ನು ಒಂದು ದೊಡ್ಡ ಅದ್ಭುತ ಅಂತ ಹೊರಗಿನವರು ಓದಬಹುದು. ನಮ್ಮ ಯಾವುದೇ ಜಾತ್ರೆಗೆ ಹೋಗಿ ನಿಂತರೆ ಅದು ಮಧ್ಯಾಹ್ನ ಹನ್ನೆರಡಕ್ಕೆ ನಡೆಯುವ ಸಂಗತಿ. ಸುತ್ತ ನಿಂತವರು ಬೆರಗಾಗುವುದಿಲ್ಲ. ‘ತಾಯಿ, ಮಗಳ ಮದುವೆ ಯಾವಾಗ’, ‘ಬೋರ್‌ವೆಲ್ಲಿನಲ್ಲಿ ನೀರು ಬೀಳ್ತದಾ’ ಅಂತ ಕೇಳುತ್ತಾರೆ. ಮಕಾಂದಾಲ್ ಹಾರಿದ ಮೈದಾನ ಇದೇ. ಒಬ್ಬರಿಗೆ ಅದು ಮಾಂತ್ರಿಕ, ಇನ್ನೊಬ್ಬರಿಗೆ ಸುಮ್ಮನೆ ವಾಸ್ತವ.

ಹಾಗಾದರೆ ಫ್ಯಾಂಟಸಿ ಅಂದವರು ಪೂರ್ತಿ ತಪ್ಪಾ? ಇಲ್ಲ. ಪಂಪಾ ತನ್ನ ಮೂವರು ಹೆಣ್ಣುಮಕ್ಕಳ ಜೊತೆ ಊರು ಬಿಟ್ಟು ಕಾಡಿಗೆ ಓಡಿಹೋಗುವ ಭಾಗ ನೆನಪಿಸಿಕೊಳ್ಳಿ. ಆ ಕಾಡು ಅರಣ್ಯಾನಿ ಎಂಬ ದೇವತೆಯದ್ದು. ಋಗ್ವೇದದಲ್ಲೇ ಅವಳ ಮೇಲೆ ಒಂದು ಸೂಕ್ತ ಇದೆ. ಕಾಡಿಗೆ ಒಂದು ಗಡಿ ಇದೆ. ತನ್ನನ್ನು ತಾನು ಸರಿಯಾಗಿ ಅರಿಯದ ಗಂಡಸು ಒಳಗೆ ಬಂದರೆ ಹೆಣ್ಣಾಗಿಬಿಡುತ್ತಾನೆ ಅನ್ನುವ ನಿಯಮ ಇದೆ. ಗಡಿ, ನಿಯಮ, ಒಳಗೆ ಬೇರೆಯದೇ ಕಾಲ. ಫ್ಯಾಂಟಸಿಯ ಲಕ್ಷಣಗಳೆಲ್ಲ ಒಂದೊಂದಾಗಿ ಬಂದು ಕೂತವು ನೋಡಿ. ಅಲ್ಲಿ ಪಕ್ಕದ ಮನೆಯವರೇ ಇಲ್ಲ. ಕಾಡನ್ನು ಹಿಡಿಯಲು ಗುಲಾಬಿ ಬಣ್ಣದ ಮಂಗಗಳು ಬರುತ್ತವೆ. ಹೊರಗಿನಿಂದ ಬಂದ ಬಿಳಿಯರ ರೂಪಕ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಪುಸ್ತಕದ ಸೋತ ಭಾಗ ಇದು. ಫ್ಯಾಂಟಸಿ ಕೀಳು ಅನ್ನುವ ಕಾರಣಕ್ಕಲ್ಲ. ಚೆನ್ನಾಗಿ ಕಟ್ಟಿದ ಫ್ಯಾಂಟಸಿ ಬಹಳ ಗಟ್ಟಿ ಕೆಲಸ, ಟೋಲ್ಕಿನ್ ಅದಕ್ಕೆ ಆಯಸ್ಸನ್ನೇ ಹಾಕಿದರು. ‘ಮಾಂತ್ರಿಕ ವಾಸ್ತವ ಅಂದರೆ ಸ್ಪ್ಯಾನಿಷ್ ಮಾತಾಡುವವರು ಬರೆದ ಫ್ಯಾಂಟಸಿ, ಅಷ್ಟೇ’ ಎಂಬರ್ಥದ ಜೋಕು ಫ್ಯಾಂಟಸಿ ಬರೆಯುವವರ ನಡುವೆ ಇದೆ. ಅದರ ಹಿಂದಿನ ಸಿಟ್ಟು ನ್ಯಾಯವಾದದ್ದೇ. ಒಂದು ಹೆಸರಿಗೆ ವಿಶ್ವವಿದ್ಯಾಲಯದಲ್ಲಿ ಮಣೆ ಹಾಕುತ್ತಾರೆ, ಇನ್ನೊಂದನ್ನು ಮಕ್ಕಳ ಕಪಾಟಿಗೆ ತಳ್ಳುತ್ತಾರೆ. ರಶ್ದಿಯ ಕಾಡಿನ ಕಷ್ಟ ಬೇರೆ. ಫ್ಯಾಂಟಸಿಗೆ ಬೇಕಾದ ತಾಳ್ಮೆ ಅದಕ್ಕಿಲ್ಲ. ನಿಯಮ ಹೇಳಿ, ಮುಂದಿನ ಪುಟದಲ್ಲಿ ಅದರ ಮೇಲೆ ಒಂದು ಜೋಕು ಹೊಡೆದು, ಮುಂದೆ ಹೋಗಿಬಿಡುತ್ತಾರೆ. ಅಲ್ಲಿ ಪವಾಡಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ಊರಿಗೆ ಮರಳಿದ ಮೇಲೆ ಕಾದಂಬರಿಗೆ ಮತ್ತೆ ತೂಕ ಬರುತ್ತದೆ. ಕೃಷ್ಣದೇವರಾಯನ ಕಾಲ. ಪಂಪಾ ಅಧಿಕಾರದ ಹತ್ತಿರ ಇದ್ದಾಳೆ, ಎರಡು ಶತಮಾನ ಬದುಕಿದ್ದಾಳೆ, ದೇವಿಯ ವರ ಇದೆ. ಆದರೂ ರಾಜನ ಸಂಶಯಕ್ಕೆ ಸಿಕ್ಕಿ ಅವಳ ಮತ್ತು ಮಂತ್ರಿ ತಿಮ್ಮರಸನ ಕಣ್ಣು ಕೀಳಿಸುತ್ತಾರೆ. ತಿಮ್ಮರಸನ ಕಣ್ಣು ಕೀಳಿಸಿದ ಕಥೆ ನ್ಯೂನಿಜ್ ಬರೆದದ್ದರಲ್ಲೇ ಇದೆ, ನಮ್ಮ ನಾಟಕ, ಲಾವಣಿಗಳಲ್ಲೂ ಕೇಳಿದ್ದೇವೆ. ಆ ಕಬ್ಬಿಣದ ಸಲಾಕೆಯ ಮುಂದೆ ನಿಂತಾಗ ಪಂಪಾಳ ಯಾವ ಮಾಯೆಯೂ ಕೆಲಸಕ್ಕೆ ಬರುವುದಿಲ್ಲ. ಫ್ಯಾಂಟಸಿಯಲ್ಲಾದರೆ ನಾಯಕಿಯ ಶಕ್ತಿ ಕೈಕೊಟ್ಟದ್ದಕ್ಕೆ ಕಾರಣ ಬೇಕಾಗುತ್ತಿತ್ತು. ಇಲ್ಲಿ ಬೇಡ, ಕಾರಣ ನಮಗೆಲ್ಲ ಗೊತ್ತು. ರಾಜ ಅಂದರೆ ರಾಜ.

ಒಂದು ಪಕ್ಕದ ಮಾತು. 2022ರ ಆಗಸ್ಟಿನಲ್ಲಿ ರಶ್ದಿಯವರ ಮೇಲೆ ಚಾಕುವಿನಿಂದ ಹಲ್ಲೆ ಆಯಿತು, ಒಂದು ಕಣ್ಣು ಹೋಯಿತು. ಈ ಪುಸ್ತಕ ಹೊರಬಂದದ್ದು 2023ರ ಫೆಬ್ರವರಿಯಲ್ಲಿ. ಹಾಗಾಗಿ ಪಂಪಾಳ ಕಣ್ಣು ಹೋಗುವ ಭಾಗವನ್ನು ಅವರದ್ದೇ ಅನುಭವ ಅಂತ ಓದುವವರಿದ್ದಾರೆ. ಹಲ್ಲೆಗೆ ಮೊದಲೇ ಕಾದಂಬರಿ ಬರೆದು ಮುಗಿದಿತ್ತು. ಗೊತ್ತಿದ್ದೂ ಆ ಪುಟಗಳನ್ನು ಓದುವಾಗ ಮೈ ಜುಮ್ಮೆನ್ನುತ್ತದೆ, ಅದು ಬೇರೆ ಮಾತು.

ಈಗ ಮೂರನೆಯ ಪ್ರಶ್ನೆ, ಪುರಾಣ ಮತ್ತು ಅಜ್ಜಿ ಕಥೆ. ಇದು ನನಗೆ ಆಗಾಗ ಎದುರಾಗುತ್ತದೆ. ‘ಮಾಂತ್ರಿಕ ವಾಸ್ತವ ಅವರು ಕಂಡುಹಿಡಿದದ್ದೇನು, ನಮ್ಮಲ್ಲಿ ರಾಮಾಯಣದ ಕಾಲದಿಂದ ಇದೆ’ ಅನ್ನುವ ಹೆಮ್ಮೆಯ ಜೊತೆಗೇ ಬರುತ್ತದೆ. ಹೆಮ್ಮೆ ಇರಲಿ, ಮಾತು ಮಾತ್ರ ಸರಿಯಲ್ಲ. ಹನುಮಂತ ಸಮುದ್ರ ಹಾರುವಾಗ ಅದಕ್ಕೆ ಎದುರು ನಿಲ್ಲುವ ವಾಸ್ತವ ಅಲ್ಲಿಲ್ಲ. ದೋಣಿಯ ಬಾಡಿಗೆ ಎಷ್ಟು ಅಂತ ಯಾರೂ ಕೇಳುತ್ತಿಲ್ಲ. ಮಾಂತ್ರಿಕ ವಾಸ್ತವ ಕಾದಂಬರಿಯ ಮಗು. ತಾರೀಕು, ಬಾಡಿಗೆ, ಪೊಲೀಸು, ಬೆಡ್‌ಶೀಟು, ಇವೆಲ್ಲ ಮೊದಲು ಕಾದಂಬರಿಗೆ ಬರಬೇಕಿತ್ತು. ಆಮೇಲೆ ತಾನೇ ಪವಾಡ ಅವುಗಳಿಗೆ ಬಂದು ತಗುಲುವುದು?

ಅಜ್ಜಿ ಕಥೆಯಂತೂ ನನಗೆ ಫ್ಯಾಂಟಸಿಗೇ ಹತ್ತಿರ ಕಾಣುತ್ತದೆ. ‘ಒಂದಾನೊಂದು ಊರಲ್ಲಿ ಒಬ್ಬ ರಾಜ ಇದ್ದ’ ಅನ್ನುವುದೇ ಒಂದು ಬಾಗಿಲು. ಏಳು ಸಮುದ್ರದ ಆಚೆ, ಗಿಳಿಯಲ್ಲಿ ರಾಕ್ಷಸನ ಜೀವ. ಮಕ್ಕಳಿಗೆ ಅದು ತಮ್ಮ ಬೀದಿಯಲ್ಲ ಅಂತ ಚೆನ್ನಾಗಿ ಗೊತ್ತು. ಮಾಂತ್ರಿಕ ವಾಸ್ತವಕ್ಕೆ ಹತ್ತಿರದ ನೆಂಟ ಬೇಕಾದರೆ ಸ್ಥಳಪುರಾಣ ಇದೆ. ‘ಅಲ್ಲೇ ನೋಡ್ರಿ’ ಅಂತ ಬೆರಳು ಮಾಡಿ ತೋರಿಸುವ ಕಥೆ. ವಿದ್ಯಾರಣ್ಯರಿಗಾಗಿ ದೇವಿ ಚಿನ್ನದ ಮಳೆ ಸುರಿಸಿದಳು ಅನ್ನುವುದೂ ಇದೇ ಜಾತಿಯದ್ದು. ‘ವಿಕ್ಟರಿ ಸಿಟಿ’ಯನ್ನು ನಾನು ಓದಿದ್ದು ಹೀಗೆ: ದೇವರನ್ನು ನಂಬದ ಒಬ್ಬರು ಬರೆದ ಸ್ಥಳಪುರಾಣ. ಪುಸ್ತಕದ ಚೌಕಟ್ಟೂ ಅದನ್ನೇ ಹೇಳುತ್ತದೆ. ಪಂಪಾ ‘ಜಯಪರಾಜಯ’ ಎಂಬ 24,000 ಶ್ಲೋಕಗಳ ಕಾವ್ಯ ಬರೆದು ಮಡಕೆಯಲ್ಲಿ ಹೂತಿಟ್ಟಳು, ಅದು ಈಗ ಸಿಕ್ಕಿದೆ, ನಾನು ಪಂಡಿತನೂ ಅಲ್ಲ ಕವಿಯೂ ಅಲ್ಲ, ಸುಮ್ನೆ ಅದನ್ನು ಸರಳವಾಗಿ ಹೇಳುತ್ತಿದ್ದೇನೆ ಅನ್ನುತ್ತಾನೆ ನಿರೂಪಕ. ಕಾವ್ಯ ಸಂಸ್ಕೃತದಲ್ಲಿದೆಯಂತೆ. ಹಂಪೆಯ ಹೆಣ್ಣಿಗೆ ಪಂಪಾ ಅಂತ ಹೆಸರಿಟ್ಟು ಕನ್ನಡದಲ್ಲಿ ಬರೆಸಲಿಲ್ಲವಲ್ಲ ಅಂತ ನನಗೆ ಸ್ವಲ್ಪ ಬೇಜಾರಾಯಿತು. ಆದರೆ ಹಕ್ಕ-ಬುಕ್ಕರ ಮನೆತನದ ಕಂಪಣನ ಹೆಂಡತಿ ಗಂಗಾದೇವಿ ಹದಿನಾಲ್ಕನೇ ಶತಮಾನದಲ್ಲಿ ‘ಮಧುರಾವಿಜಯ’ ಬರೆದದ್ದು ಸಂಸ್ಕೃತದಲ್ಲೇ ತಾನೇ. ಹಾಗಾಗಿ ಜಗಳ ಆಡುವ ಹಾಗಿಲ್ಲ.

ಅಜ್ಜಿ ಕಥೆ ಮಾಂತ್ರಿಕ ವಾಸ್ತವ ಅಲ್ಲ ಅಂದೆ. ಆದರೆ ಆಗಬಲ್ಲದು, ಕಾದಂಬರಿಕಾರ ಅದನ್ನು ಬೀದಿಗೆ ತಂದರೆ. ನಮ್ಮಲ್ಲಿ ಒಂದು ನಂಬಿಕೆ ಇದೆ. ರಾತ್ರಿ ದೀಪ ಆರಿಸಿದ ಮೇಲೆ ಮನೆಮನೆಯ ದೀಪದ ಕುಡಿಗಳು ಊರಾಚೆಯ ಗುಡಿಯಲ್ಲಿ ಸೇರಿ ಆಯಾ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ ಅಂತ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆಯಲ್ಲಿ ಇದು ಬರುತ್ತದೆ. ಗಿರೀಶ ಕಾರ್ನಾಡರು ಅದನ್ನೇ ‘ನಾಗಮಂಡಲ’ದ ಮೊದಲಿಗೆ ಇಟ್ಟರು. ಅಲ್ಲಿ ದೀಪಗಳು ಬರುವುದು ಪಾಳುಗುಡಿಗೆ, ನಡುರಾತ್ರಿ. ಅದು ಬೇರೆ ಲೋಕದ ಹೊಸ್ತಿಲು, ಕಥೆ ಒಳಗೆ ಕರೆದುಕೊಂಡು ಹೋಗುತ್ತದೆ.

ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲೂ ಇವೇ ದೀಪಗಳಿವೆ, ಜೋತಮ್ಮಗಳು. ಅವೂ ರಾತ್ರಿ ಸೇರಿ ಮಾತಾಡುತ್ತವೆ. ಮಂಚವೂ ಬಾಯಿಬಿಟ್ಟು ಮಾತಾಡುತ್ತದೆ. ಆದರೆ ಅವು ಆಡುವ ಸುದ್ದಿ ಏನು? ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ದಲಿತ ಹುಡುಗನ ಕೊಲೆ ನಡೆದ ಊರಿನ ಸುದ್ದಿ. ಹೊಸ್ತಿಲಿಲ್ಲ, ಬಾಗಿಲಿಲ್ಲ. ಕೊಲೆ ಮತ್ತು ಜೋತಮ್ಮ ಒಂದೇ ಊರಿನಲ್ಲಿ, ಒಂದೇ ನುಡಿಯಲ್ಲಿ. ಅದೇ ದೀಪ, ಎರಡು ಬೇರೆ ಬೆಳಕು. ನಿಮ್ಮ ಬಳಗದವರಿಗೆ ವ್ಯತ್ಯಾಸ ವಿವರಿಸಬೇಕಾದರೆ ಟೋಲ್ಕಿನ್, ಮಾರ್ಕ್ವೆಜ್ ಎಲ್ಲ ಬಿಟ್ಟು ಈ ಎರಡನ್ನು ಪಕ್ಕಪಕ್ಕ ಇಟ್ಟು ತೋರಿಸಿದರೂ ಸಾಕು.

ಒಟ್ಟಿನಲ್ಲಿ ‘ವಿಕ್ಟರಿ ಸಿಟಿ’ಗೆ ಒಂದೇ ಚೀಟಿ ಅಂಟಿಸಲೇಬೇಕು ಅಂತ ಹಟ ಹಿಡಿದರೆ ನಾನು ಮಾಂತ್ರಿಕ ವಾಸ್ತವದ ಕಡೆ ಕೈ ಎತ್ತುತ್ತೇನೆ, ಕಾಡಿನ ಭಾಗವನ್ನು ಬಿಟ್ಟು. ಫ್ಯಾಂಟಸಿ ಅಂದ ಗೆಳೆಯರನ್ನು ಒಂದು ಮಾತು ಕೇಳಿ ನೋಡಿ, ಅವರಿಗೆ ಪುಸ್ತಕದಲ್ಲಿ ಜಾಸ್ತಿ ನೆನಪಿರುವುದು ಆ ಕಾಡೋ, ಕಿವಿಯ ಪಿಸುಮಾತೋ ಅಂತ. ಮುಂದಿನ ತಿಂಗಳಿಗೆ ಪುಸ್ತಕ ಹುಡುಕುತ್ತಿದ್ದರೆ ‘ಕುಸುಮಬಾಲೆ’ ತಗೊಳ್ಳಿ. ಒಬ್ಬೊಬ್ಬರೇ ಓದಬೇಡಿ, ತೊಡಕಾಗುತ್ತದೆ. ಬಳಗದಲ್ಲಿ ನಂಜನಗೂಡು, ಚಾಮರಾಜನಗರ ಕಡೆಯವರು ಯಾರಾದರೂ ಇದ್ದರೆ ಅವರ ಕೈಗೆ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸಿ.